ಮೋನಿಕಾ ಎದ್ದು ಹೋಗದ ಭಾನುವಾರ

ದಯಾನಂದ ಪ್ರಸಂಗಕ್ಕೆ ನಿಂತಾಗ ಹೆತ್ತೂರು ಕಡೆಯ ಆ ಪುಟ್ಟ ಚರ್ಚಿನಲ್ಲಿ ಕೆಮ್ಮುವವರೂ ಕೆಮ್ಮು ತಡೆದುಕೊಂಡರು. ಸಭೆಗೆಲ್ಲ ದೊಡ್ಡ ಕಾಫಿ ಪ್ಲಾಂಟರ್ ಅವನೇ. ಆದ್ದರಿಂದ ವರ್ಷಕ್ಕೊಮ್ಮೆ ಪಾದ್ರಿ ಅಯ್ಯನವರು ಮೈಕನ್ನು ಅವನ ಕೈಗೆ ಕೊಡಲೇಬೇಕು. ಈ ಸಲದ ವಿಷಯ ಸೃಷ್ಟಿ.

"ದೇವ್ರು ಆರು ದಿನ ಕೆಲ್ಸ ಮಾಡಿ ಏಳ್ನೇ ದಿನ ವಿಶ್ರಾಂತಿ ತಗಂಡ. ನಮ್ಮನೇಲೂ ಅಷ್ಟೆಯ. ಆಳುಗಳಿಗೆ ರಜ, ಹಣ್ಣು ಸುಲಿಯೋ ಪಲ್ಪರ್ ಮಿಷನ್ನಿಗೂ ರಜ. ಭಾನುವಾರ ಒಂದು ಹುಲ್ಲುಕಡ್ಡೀನೂ ಎತ್ತಲ್ಲ!"

ಹೆಂಗಸರ ಸಾಲಿನಲ್ಲಿದ್ದ ಅವನ ಹೆಂಡತಿ ಮೋನಿಕಾಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಬೆಳಿಗ್ಗೆ ಎದ್ದು ಕಣದಲ್ಲಿ ಕಾಫಿ ಹರವಿದವಳು ಅವಳು. ಆರಾಧನೆ ಮುಗಿಸಿ ಊಟಕ್ಕೆ ಬರುವ ಹಿರಿಯರಿಗೆಂದು ಕಡುಬು ಬೇಯಿಸಿ, ಹಂದಿ ಮಾಂಸಕ್ಕೆ ಮಸಾಲೆ ಅರೆದವಳೂ ಅವಳೇ. ಅವನ ಮೈಮೇಲಿನ ಇಸ್ತ್ರಿ ಅಂಗಿ ಮಾತ್ರ ಬಹುಶಃ ಆಕಾಶದಿಂದ ಉದುರಿತ್ತು.

ಹಿಂದಿನ ವಾರ ಮಂಡಿನೋವು ತಾಳಲಾರದೆ ಅವಳು ಕೇಳಿಯೂ ಇದ್ದಳು: "ರೀ, ನಂಗೆ ಏಳ್ನೇ ದಿನ ಯಾವಾಗ್ರೀ ಬರೋದು?"

"ಆದಾಮನ ಸಹಾಯಕ್ಕೆ ಅಂತ್ಲೇ ಅಲ್ವೇನೆ ಹವ್ವನ್ನ ಮಾಡಿದ್ದು? ಮನೆಕೆಲ್ಸನೂ ಒಂದು ಕೆಲ್ಸವಾ?" ಎಂದು ಅವನು ಪೇಪರ್ ಮಗುಚಿದ್ದ. ಸೃಷ್ಟಿಯ ಕಥೆಯೆಲ್ಲ ಅವನ ಅನುಕೂಲಕ್ಕೇ ಹೊಂದುತ್ತಿತ್ತು. ದೇವರು ಭೂಮಿಯನ್ನು ಮನುಷ್ಯನಿಗೆ ಒಪ್ಪಿಸಿದ ಭಾಗವನ್ನಂತೂ ತನ್ನ ಎಸ್ಟೇಟಿನ ಪಹಣಿ ಓದುವ ಹಾಗೆ ಓದುತ್ತಿದ್ದ.

ಪ್ರಸಂಗ ಹವ್ವಳವರೆಗೆ ಬರುವಷ್ಟರಲ್ಲಿ ಕಿಟಕಿಯ ಬೆಳಕು ಮಂಕಾಯಿತು. ಜನವರಿಯಲ್ಲಿ, ಕಾಲವಲ್ಲದ ಕಾಲದಲ್ಲಿ, ಮೋಡ! ಚರ್ಚಿನ ಎದುರಿನ ಇಳಿಜಾರಿನಲ್ಲೇ ಅವರ ಕಣ. ಅಲ್ಲಿ ಒಣಗುತ್ತಿದ್ದದ್ದು ಈ ಸಲದ ಒಳ್ಳೆಯ ಕಾಫಿಯೆಲ್ಲ. ನೆನೆದರೆ ಬೂಷ್ಟು ಹಿಡಿದು ಹಾಳು. ಆಳುಗಳೋ, ಅವನೇ ಕೊಟ್ಟ ರಜಕ್ಕೆ ಮೊದಲ ಬಸ್ಸಿಗೇ ಸಕಲೇಶಪುರಕ್ಕೆ ಹೋಗಿದ್ದರು.

ದಯಾನಂದನ ಬಾಯಿ ವಿಶ್ರಾಂತಿಯ ಬಗ್ಗೆ ಹೇಳುತ್ತಲೇ ಇತ್ತು. ಹುಬ್ಬು ಮಾತ್ರ ಮೋನಿಕಾಗೆ ಬಾಗಿಲು ತೋರಿಸುತ್ತಿತ್ತು. ಹುಬ್ಬು ಸಾಲದೆ ಗದ್ದವೂ ಸೇರಿಕೊಂಡಿತು. ಮದುವೆಯಾದಾಗಿನಿಂದ ಆ ಹುಬ್ಬಿನ ಅರ್ಥ ಅವಳಿಗೆ ಬಾಯಿಪಾಠ. ಕಾಲು ತಾನಾಗಿ ಏಳಲು ಹೊರಟಿತ್ತು. ಅವಳು ಸೆರಗು ಸರಿಮಾಡಿಕೊಂಡು ಬೆಂಚಿಗೆ ಇನ್ನಷ್ಟು ಒರಗಿ ಕೂತಳು. ನೆನೆಯಲಿದ್ದ ಕಾಫಿ ಅವಳದ್ದೂ ಅಲ್ಲವೇ? ಆದರೂ ಏಳಲಿಲ್ಲ.

ಚರ್ಚಿನ ಮಾಡಿನ ತಗಡಿನ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು.

"ಮೋನಿಕಾ, ಕಾಫಿ ಕಣೇ! ಹೋಗೇ!" ಮೈಕು ಅದನ್ನೂ ಸಭೆಗೆಲ್ಲ ಕೇಳಿಸಿತು.

ಮೋನಿಕಾ ಕೂತಲ್ಲಿಂದಲೇ ಹೇಳಿದಳು: "ಇವತ್ತು ಭಾನುವಾರ ಕಣ್ರೀ. ನಮ್ಮನೇಲಿ ಯಾರೂ ಹುಲ್ಲುಕಡ್ಡಿ ಎತ್ತಲ್ಲ ಅಂತ ಈಗ್ಲೇ ನೀವೇ ಹೇಳುದ್ರಲ್ಲ."

ಹೆಂಗಸರ ಸಾಲು ಸೆರಗಿನೊಳಗೆ ಮುಖ ಹುದುಗಿಸಿತು. ದಯಾನಂದ ಬೈಬಲನ್ನು ಅಯ್ಯನವರ ಮಡಿಲಿಗೆ ಹಾಕಿ ಓಟ ಕಿತ್ತ. ಸ್ವಲ್ಪ ಹೊತ್ತಿಗೆ ಅವನು ಕಿಟಕಿಯಾಚೆ ಕಣದಲ್ಲಿ ಕಾಣಿಸಿಕೊಂಡ. ಟಾರ್ಪಾಲಿನ ಒಂದು ಮೂಲೆ ಹಿಡಿದರೆ ಇನ್ನೊಂದು ಹಾರುತ್ತಿತ್ತು. ಅದರ ಹಿಂದೆ ಓಡಿದರೆ ಮೊದಲನೆಯದು ಮುಖಕ್ಕೇ ಬಡಿಯುತ್ತಿತ್ತು.

ಅಯ್ಯನವರು ಗಂಟಲು ಸರಿಮಾಡಿಕೊಂಡರು. "ಪ್ರಸಂಗ ಅರ್ಧಕ್ಕೇ ನಿಂತೋಯ್ತಲ್ಲಮ್ಮ."

"ಎಲ್ಲಿ ನಿಂತೈತೆ ಅಯ್ನೋರೇ?" ಎಂದಳು ಮೋನಿಕಾ. "ಕಿಟಕಿ ಕಡೆ ತಿರುಗಿ ಕೂತ್ಕಳಿ, ಉಳಿದಿದ್ದು ಅಲ್ಲಿ ನಡೀತೈತೆ."