ಹದಿನೇಳನೆಯ ಪ್ರಶ್ನೆ

ಬೇರೆ ಪ್ರಶ್ನೆಗಳೆಲ್ಲ ಅರ್ಚಿತಾಳ ಬಾಯಿಂದ ಹೇಗೋ ಹೊರಡುತ್ತಿದ್ದವು. ಎಷ್ಟು ದಿನದಿಂದ ಕೆಮ್ಮು, ಕಫ ಬಿಳಿಯೋ ಹಳದಿಯೋ, ದಿನ್ನೆ ಹತ್ತಿದರೆ ದಮ್ಮು ಬರುತ್ತದೋ, ಒಲೆ ಸೌದೆಯದೋ ಗ್ಯಾಸಿನದೋ. ನೆಲ ನೋಡುತ್ತ, ಪೆನ್ನಿನ ಮುಚ್ಚಳ ತಿರುವುತ್ತ, ಅಂತೂ ಕೇಳಿ ಮುಗಿಸುತ್ತಿದ್ದಳು. ಹದಿನೇಳನೆಯದಕ್ಕೆ ಬಂದಾಗ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. "ಬೀಡಿ, ಸಿಗರೇಟು, ಚುಟ್ಟಾ ಸೇದುತ್ತೀರಾ? ಹೌದಾದರೆ ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ?" ಗಂಡಸರಾದರೆ ಅವಳು ಬಾಯಿ ತೆರೆಯುವ ಮೊದಲೇ ಜೇಬು ಮುಟ್ಟಿ ನಗುತ್ತಿದ್ದರು. ಹೆಂಗಸರಿಗೆ ಹೇಗೆ ಕೇಳುವುದು?

ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಮನೆಯಲ್ಲಿದ್ದ ಅರ್ಚಿತಾಳನ್ನು ಹೊಸಪೇಟೆಯ ಶ್ವಾಸಕೋಶದ ವೈದ್ಯೆ ಡಾ. ಸುಕನ್ಯಾ ತಮ್ಮ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ಸಂಡೂರಿನ ಗುಡ್ಡದ ಬುಡದಲ್ಲಿ ಅದಿರು ಲಾರಿಗಳು ಓಡಾಡುವ ಒಂದು ಹಳ್ಳಿ. ಕಂಪ್ಲಿ ಕಡೆ ಹೊಳೆದಂಡೆಯಲ್ಲಿ ಆ ದೂಳಿಲ್ಲದ ಇನ್ನೊಂದು ಹಳ್ಳಿ. ಎರಡೂ ಊರಿನವರ ರಕ್ತ ಮತ್ತು ಕಫ ತಂದು, ಎದೆಯೊಳಗೆ ಉರಿಯೂತ ಎಷ್ಟಿದೆಯೆಂದು ಅಳೆಯುವುದು. ಕಂಪ್ಲಿ ಕಡೆಯದು ಲಿಂಗರಾಜ್ ಎಂಬ ಇನ್ನೊಬ್ಬ ಸಹಾಯಕನ ಪಾಲಿಗೆ, ಗುಡ್ಡದ ಊರು ಇವಳ ಪಾಲಿಗೆ.

"ಮೈಯಾಗ ಕಾವಲುಗಾರರು ಇರ್ತಾರ ನೋಡು," ಎಂದು ಮೇಡಂ ಮೊದಲ ದಿನ ಹೇಳಿಕೊಟ್ಟಿದ್ದರು. "ಎದಿಯೊಳಗ ಹೊರಗಿಂದೇನರ ಹೊಕ್ಕರ ಓಡಿ ಬರ್ತಾರ, ಬಡದು ಓಡಸ್ತಾರ, ಮನೀಗೆ ಹೋಗ್ತಾರ. ದಿನಾ ದೂಳು ಬಂದ್ರ ಮನೀಗೆ ಹೋಗೋದ ಇಲ್ಲ. ಅಲ್ಲೇ ಠಿಕಾಣಿ ಹೂಡಿ ಬಡಿದಾಡಿಕೋಂತ ಮನೀನ ಹಾಳು ಮಾಡ್ತಾರ. ನಾವು ಕಫದಾಗ ಎಣಸೋದು ಅವರನ್ನ."

ಊರಿಗೆ ಹೋದ ಮೊದಲ ದಿನ ಮೊದಲು ಸಿಕ್ಕವಳು ಭೀಮಮ್ಮ. ಅರವತ್ತರ ಮೇಲಿನ ವಯಸ್ಸು, ಹಣೆತುಂಬ ಕುಂಕುಮ. ಚಾಪೆ ಹಾಸಿ, "ಕುಂದ್ರವ್ವ, ಬಿಸಲಾಗ ಬಂದಿ," ಎಂದು ತಂಬಿಗೆ ನೀರು ಕೊಟ್ಟಿದ್ದಳು. ಆ ಮುಖ ನೋಡುತ್ತ ಅರ್ಚಿತಾಳಿಗೆ ತನ್ನ ಅಜ್ಜಿ ಭೀಮಾಬಾಯಿಯ ನೆನಪಾಯಿತು. ಮಡಿಯಲ್ಲಿ ತುಳಸಿಗೆ ನೀರೆರೆಯುವ ಆ ಅಜ್ಜಿಯ ಮುಂದೆ ಯಾರಾದರೂ ಬಂದು ನೀವು ಬೀಡಿ ಸೇದುತ್ತೀರಾ ಎಂದು ಕೇಳಿದರೆ? ಅಂದು ಹದಿನೇಳನ್ನು ದಾಟಿ ಹದಿನೆಂಟಕ್ಕೆ ಹೋದಳು. ಸಂಜೆ ಜೀಪಿನಲ್ಲಿ ಕೂತು, ಪ್ರಶ್ನೆಗಳ ಕಾಗದದಲ್ಲಿ ಖಾಲಿ ಉಳಿದ ಮನೆಯಲ್ಲಿ 'ಇಲ್ಲ' ಎಂದು ಗುರುತು ಹಾಕಿದಳು. ಎದೆ ಒಮ್ಮೆ ಡವಡವ ಎಂದಿತು. ಎರಡನೆಯ ದಿನ ಅಷ್ಟಾಗಿ ಅನ್ನಲಿಲ್ಲ. ವಾರ ಕಳೆಯುವಷ್ಟರಲ್ಲಿ ಕೈಗೆ ರೂಢಿಯಾಯಿತು. ನಲವತ್ತೊಂದು ಹೆಂಗಸರು, ನಲವತ್ತೊಂದು 'ಇಲ್ಲ'.

ಜೀಪು ಓಡಿಸುವ ಹಾಲೇಶ್‌ಗೆ ಇದೇನೂ ಗೊತ್ತಿರಲಿಲ್ಲ. ಐಸ್ ಡಬ್ಬಿಯನ್ನು ಹಿಂದಿನ ಸೀಟಿಗೆ ಕಟ್ಟುತ್ತ, "ಅಕ್ಕಾರೆ, ಇಡೀ ಊರ ಕಫ ನಮ್ಮ ಡಬ್ಬ್ಯಾಗ ಐತಿ. ಚೆಕ್‌ಪೋಸ್ಟ್‌ನ್ಯಾಗ ಹಿಡದು ಏನಲೇ ಇದು ಅಂದ್ರ ಕುಲ್ಫಿ ಅಂತ ಹೇಳ್ಲೇನ್ರಿ?" ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಆಗಿನ್ನೂ ನಗು ಬರುತ್ತಿತ್ತು.

ಮಾಘದಲ್ಲಿ ಲೆಕ್ಕಾಚಾರವೆಲ್ಲ ಮುಗಿದು ಬಂತು. ಮೇಡಂ ಹಾಳೆ ಹಿಡಿದುಕೊಂಡೇ ಹೊರಗೆ ಬಂದರು.

"ಅರ್ಚಿತಾ, ಇಲ್ಲಿ ನೋಡಿಲ್ಲಿ. ಗಂಡಸರ ಎದಿ ಕೆಟ್ಟೈತಿ ಅಂದ್ರ ಎಲ್ಲಾರೂ ಬೀಡಿ ಅಂತಾರ, ದೂಳಿನ ಮಾತು ಅಲ್ಲಿಗೆ ಮುಗೀತು. ಆದ್ರ ಈ ಹೆಂಗಸರು! ಒಬ್ಬಾಕಿನೂ ಜನ್ಮದಾಗ ಬೀಡಿ ಸೇದಿಲ್ಲ, ಆದ್ರೂ ಗಂಡಸರಷ್ಟೇ ಉರಿಯೂತ. ಇನ್ನ ಯಾರು ಏನಂತಾರ? ದೂಳ ಮಾಡಿದ್ದು ಇದನ್ನ. ಬರೋ ಸೋಮವಾರ ಬೆಂಗಳೂರಾಗ ಇದನ್ನ ಎಲ್ಲಾರ ಮುಂದ ಇಡ್ತೀನಿ."

ಅರ್ಚಿತಾ ಹಾಳೆ ನೋಡಿದಳು. ಮೇಡಂ ವಾದದ ಕಟ್ಟಡವೆಲ್ಲ ತಾನು ಜೀಪಿನಲ್ಲಿ ಕೂತು ಹಾಕಿದ ಗುರುತುಗಳ ಮೇಲೆ ನಿಂತಿತ್ತು. ಆದರೂ ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಂಡಿತು: ಕೇಳದಿದ್ದರೇನು, ಅವರು ಸೇದುವವರಲ್ಲವಲ್ಲ.

ಮರುದಿನ ರಿಪೋರ್ಟುಗಳನ್ನು ಕೊಡಲು ಗುಡ್ಡದ ಊರಿಗೆ ಹೋದಳು. ಭೀಮಮ್ಮನ ಮನೆ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಹಿತ್ತಲ ಕಡೆ ಮಾತು ಕೇಳಿ ಅತ್ತ ಹೋದಳು. ಬೇವಿನ ನೆರಳಲ್ಲಿ ಮೂವರು ಹೆಂಗಸರು ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದರು. ಮೂವರ ಬಾಯಲ್ಲೂ ಚುಟ್ಟಾ. ಭೀಮಮ್ಮ ಹೊಗೆ ಬಿಟ್ಟು, ಬೂದಿ ಕೊಡವಿ, ಬಾಯಿತುಂಬ ನಕ್ಕಳು.

"ಬಾರವ್ವ, ಕಫದ ಹುಡಿಗಿ. ಯಾಕ ಹಂಗ ಕಂಬದಂಗ ನಿಂತಿ?"

ಪಕ್ಕದವಳು ಕೀಟಲೆ ಮಾಡಿದಳು: "ಪ್ಯಾಟಿ ಹುಡಿಗಿ, ಘಾಟು ಹತ್ತೈತಿ ಅದಕ್ಕ. ನೀನೂ ಒಂದು ದಮ್ಮು ಎಳಿ ಬಾರ, ನಾಚಿಕಿ ಎಲ್ಲಾ ಹೊಗಿಯಾಗಿ ಹೋಗ್ತೈತಿ."

ಯಾರೂ ಚುಟ್ಟಾ ಬಚ್ಚಿಡಲಿಲ್ಲ. ಸೆರಗು ಮರೆಮಾಡಲಿಲ್ಲ. ಅರ್ಚಿತಾಳ ಕಿವಿಯ ತುದಿಯವರೆಗೆ ಬಿಸಿ ಏರಿತು. ರಿಪೋರ್ಟು ಕೈಗಿಟ್ಟು, ನೀರು ಬ್ಯಾಡ ಎಂದು, ಹೆಚ್ಚುಕಡಿಮೆ ಓಡಿಯೇ ಜೀಪಿಗೆ ಬಂದಳು. "ಏನಾತ್ರಿ ಅಕ್ಕಾರೆ, ನಾಯಿ ಬೆನ್ನು ಹತ್ತಿತೇನ್ರಿ?" ಎಂದ ಹಾಲೇಶ್.

ಮೂರು ದಿನ ಆಫೀಸಿಗೆ ಹೋದಳು, ಬಂದಳು. ಮನೆಯಲ್ಲಿ ಅನ್ನ ಕಲೆಸಿ ಬಿಟ್ಟೆದ್ದಳು. ಹೇಳಿದರೆ ಮೇಡಂ ವರ್ಷಗಟ್ಟಲೆ ಮಾಡಿದ ಕೆಲಸ ಮಣ್ಣಾಗುತ್ತದೆ, ಲಾರಿಗಳ ದೂಳಿನ ಮೇಲೆ ಆ ಊರಿನವರು ಹೇಳುವ ದೂರೂ ಸುಳ್ಳೆನಿಸುತ್ತದೆ. ಹೇಳದಿದ್ದರೆ? ಹೇಳದಿದ್ದರೆ ಯಾರಿಗೂ ತಿಳಿಯುವುದೇ ಇಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಶುಕ್ರವಾರ ಮೇಡಂ ತಮ್ಮ ಭಾಷಣವನ್ನು ಎಲ್ಲರ ಮುಂದೆ ಓದಿ ನೋಡಿದರು. ಕೊನೆಯಲ್ಲಿ ಕನ್ನಡಕ ತೆಗೆದು, "ಇದರಾಗ ಅರ್ಚಿತಾನ್ನ ನೆನಸಬೇಕು ನೋಡ್ರಿ. ಬಾಯಿ ಸತ್ತ ಹುಡಿಗಿ, ಖರೇ; ಆದ್ರ ಕೆಲಸ! ಒಂದ ಒಂದು ಮನಿ ಖಾಲಿ ಬಿಟ್ಟಿಲ್ಲ," ಎಂದರು.

ಲಿಂಗರಾಜ್ ಚಪ್ಪಾಳೆ ತಟ್ಟಿದ. ಅರ್ಚಿತಾ ಎದ್ದು ನಿಂತಳು, ಮತ್ತೆ ಕೂತಳು. ಉಳಿದವರು ಚಹಾಕ್ಕೆ ಹೋಗುವವರೆಗೂ ಕಾದು, ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು.

"ಮೇಡಂ, ಹದಿನೇಳನೇ ಪ್ರಶ್ನಿ ನಾ ಕೇಳೇ ಇಲ್ರಿ."

"ಯಾರಿಗೆ?"

"ಹೆಂಗಸರಿಗೆ."

"ಎಷ್ಟು ಮಂದಿಗೆ?"

"ಎಲ್ಲಾರಿಗೂ."

ಮೇಡಂ ಭಾಷಣದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಮೇಜಿನ ಮೇಲಿಟ್ಟರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಸೇದ್ತಾರೇನು ಅವರು?"

"ಮೂವರನ್ನ ನೋಡೀನ್ರಿ."

"ಖಾಲಿ ಬಿಟ್ಟಿದ್ರ ಚಲೋ ಇತ್ತಲ್ಲ ಹುಡಿಗಿ. ಖಾಲಿ ಅಂದ್ರ ಗೊತ್ತಿಲ್ಲ ಅಂತ. ನೀ ಗೊತ್ತೈತಿ ಅಂತ ಬರದಿ." ಆಮೇಲೆ ಕಿಟಕಿಯ ಕಡೆ ತಿರುಗಿ, ಇಳಿದ ದನಿಯಲ್ಲಿ, "ಕಂಪ್ಲಿ ಕಡೆ ಒಂಬತ್ತು ಹೆಂಗಸರು ಸೇದ್ತಾರ ಅಂತ ಲಿಂಗರಾಜ್ ಬರಕೊಂಡು ಬಂದಾನ. ಗುಡ್ಡದ ಊರಾಗ ಒಬ್ಬಾಕಿನೂ ಇಲ್ಲ ಅಂದ್ರ ನನಗರ ಅನುಮಾನ ಬರಬೇಕಿತ್ತು. ಲೆಕ್ಕ ಚಂದ ಕಂಡ್ತು, ಸುಮ್ಮನಾದೆ," ಎಂದರು.

ಅವಳ ಎದುರಿನಲ್ಲೇ ಬೆಂಗಳೂರಿಗೆ ಫೋನು ಮಾಡಿ, ಸೋಮವಾರ ತಾವು ಮಾತಾಡುವುದಿಲ್ಲವೆಂದರು. ಕಾರಣ ಕೇಳಿದವರಿಗೆ, "ನಮ್ಮಲ್ಲಿ ತಪ್ಪಾಗೈತಿ," ಎಂದರೇ ಹೊರತು ಯಾರ ತಪ್ಪೆಂದು ಹೇಳಲಿಲ್ಲ. ಆ 'ನಮ್ಮಲ್ಲಿ' ಎಂಬ ಮಾತಿಗೆ ಅರ್ಚಿತಾಳ ಕಣ್ಣು ತುಂಬಿತು.

"ಅಳಬ್ಯಾಡ. ನಾಳೆ ಹೋಗು. ನಲವತ್ತೊಂದೂ ಮಂದಿಗೆ ಬಾಯಿಬಿಟ್ಟು ಕೇಳು."

ಭೀಮಮ್ಮನ ಮನೆಯಲ್ಲೇ ಶುರುಮಾಡಿದಳು. ಚಾಪೆಯ ಮೇಲೆ ಕೂತು, ಕಾಗದ ನೋಡದೆ, ಕೇಳಿದಳು. ದನಿ ಕೀರಲಾಗಿ ಬಂತು.

"ಸೇದ್ತೀನಿ. ದಿನಕ್ಕ ಮೂರು, ಹಬ್ಬಕ್ಕ ನಾಕು. ಹಲ್ಲು ನೋವಿಗೆ ಅಂತ ಹಿಡದದ್ದು, ಮೂವತ್ತು ವರ್ಷ ಆತು." ಭೀಮಮ್ಮ ಅವಳ ಮುಖವನ್ನೇ ನೋಡಿದಳು. "ಅವತ್ತು ಕಫದ ಬಣ್ಣ ಕೇಳಿದಿ, ಎಷ್ಟು ಹಡದಿ ಕೇಳಿದಿ. ಇದನ್ಯಾಕ ಕೇಳ್ಲಿಲ್ಲ?"

"ನಿಮಗ ಅವಮಾನ ಆಗ್ತೈತಿ ಅಂತ..."

ಭೀಮಮ್ಮ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವಷ್ಟರಲ್ಲಿ ನಗು ಹೋಗಿತ್ತು. "ಸೇದೋದು ಅವಮಾನ ಅಂತ ಯಾರಂದ್ರು ನಿನಗ? ನಮ್ಮವ್ವನೂ ಸೇದ್ತಿದ್ಲು."

ಅರ್ಚಿತಾ ತಲೆ ತಗ್ಗಿಸಿ 'ಹೌದು' ಎಂದು ಬರೆದುಕೊಂಡಳು. ಇವರ ಮಾನ ಉಳಿಸಿದೆನೆಂದು ಇಷ್ಟು ದಿನ ಅಂದುಕೊಂಡಿದ್ದಳು. ಉಳಿಸಿದ್ದು ತನ್ನ ಮನೆಯ ಮಾನವನ್ನು, ಅದನ್ನು ತಂದು ಇವರ ಅಂಗಳದಲ್ಲಿ ಹಾಸಿದ್ದಳು.

"ಅಂದ್ರ ಇನ್ನ ಮ್ಯಾಲೆ ನಮ್ಮ ಕೆಮ್ಮೆಲ್ಲಾ ಚುಟ್ಟಾದ್ದ ಅಂತ ಬರೀತೀರೇನು? ಲಾರಿಯವರು ಪಾಪ ದೇವರಂಥೋರು ಅಂತ?"

"ಇಲ್ಲವ್ವಾ. ಸೇದೋರದು ಬ್ಯಾರೆ, ಸೇದದೋರದು ಬ್ಯಾರೆ ಎಣಸ್ತೀವಿ. ದೂಳಿಂದೆಷ್ಟು ಅಂತ ಆಗ ಗೊತ್ತಾಗ್ತೈತಿ. ಎಷ್ಟಿದ್ರ ಅಷ್ಟು."

"ಕಡಿಮಿ ಬಂದ್ರ?"

"ಕಡಿಮಿ ಅಂತಾನ ಬರೀಬೇಕು."

ಭೀಮಮ್ಮ ಚಾಪೆ ಸುರುಳಿ ಸುತ್ತತೊಡಗಿದಳು. ಅರ್ಚಿತಾ ಎದ್ದು ಬಂದಳು.

ಮಧ್ಯಾಹ್ನದೊಳಗೆ ಹದಿನಾಲ್ಕು ಮನೆ ಆದವು. ಆರು 'ಹೌದು', ಎಂಟು 'ಇಲ್ಲ'. ಹದಿನೈದನೆಯದು ಹೊಳೆಮ್ಮನ ಮನೆ. ಇಪ್ಪತ್ತೈದರ ಸೊಸೆ, ಕಟ್ಟೆಯ ಮೇಲೆ ಅತ್ತೆ. ಹೊಳೆಮ್ಮ ಅತ್ತೆಯ ಕಡೆ ಒಮ್ಮೆ ನೋಡಿ, "ಅಯ್ಯ, ಇಲ್ರಿ," ಎಂದಳು. ಅರ್ಚಿತಾ 'ಇಲ್ಲ' ಎಂದೇ ಬರೆದುಕೊಂಡು ಹೊರಬಿದ್ದಳು.

ಓಣಿಯ ತಿರುವಿನಲ್ಲಿ ಹಿಂದಿನಿಂದ ಓಡಿ ಬರುವ ಸಪ್ಪಳ. ಹೊಳೆಮ್ಮನೇ, ಕೈಯಲ್ಲಿ ಖಾಲಿ ಕೊಡ.

"ಅಕ್ಕಾರೆ, ನಂದು ಹೌದು ಅಂತ ಮಾಡ್ಕಳ್ರಿ. ಬೀಡಿ, ದಿನಕ್ಕ ಎರಡು. ಅತ್ತಿ ಸೇದಿದ್ರ ನಡೀತೈತಿ, ನಾ ಸೇದಿದ್ರ ತೌರುಮನಿ ಎತ್ತಿ ಬೈತಾರ. ಹೆಸರು ಬೀಳ್ತೈತೇನ್ರಿ ಅದರಾಗ?"

"ಇಲ್ಲ, ಬರೇ ನಂಬರ್," ಎಂದಳು ಅರ್ಚಿತಾ. ಗೋಡೆಗೆ ಕಾಗದವನ್ನು ಆನಿಸಿ, ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ತನ್ನ ಸಹಿ ಮಾಡಿದಳು. ಮುಖ ಇನ್ನೂ ಉರಿಯುತ್ತಿತ್ತು. ಹೊಳೆಮ್ಮ ಹೋಗಲು ಹೊರಟಳು.

"ನಿಲ್ಲವ್ವ," ಎಂದಳು ಅರ್ಚಿತಾ. "ಎಷ್ಟು ವರ್ಷದಿಂದ?"