ಸುಬ್ಬಿಯ ಎಮ್ಮೆ ಹಾಲು

ಅಣುಸ್ಥಾವರದಲ್ಲಿ ಮೂರನೇ ಸಲ ನೀರು ಸೋರಿದ ಮೇಲೆ ಕೇಂದ್ರದ ತಪಾಸಣಾ ತಂಡ ಯಲ್ಲಾಪುರಕ್ಕೆ ಬಂದು ಜನರ ಸಭೆ ಕರೆಯಿತು. ಸ್ಥಾವರದ ಸುತ್ತಲಿನ ಹಳ್ಳಿಗಳಲ್ಲೊಂದಾದ ಅರಬೈಲಿನ ಸುಬ್ಬಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ನಿಯಮದ ಪ್ರಕಾರ ಸ್ಥಾವರದವರು ತಿಂಗಳಿಗೊಮ್ಮೆ ಅವಳ ಮನೆಯ ಹಾಲು ಒಯ್ದು, ವಿಕಿರಣ ಸೇರಿದೆಯೇ ಎಂದು ಪರೀಕ್ಷಿಸಬೇಕು. ಆದರೆ ಬಾಟಲಿ ಹಿಡಿದು ಬರುತ್ತಿದ್ದ ಜನ ಇತ್ತ ಸುಳಿಯದೆ ಮೂರು ವರ್ಷವಾಗಿತ್ತು.

ಸ್ಥಾವರದ ಸುರಕ್ಷತಾಧಿಕಾರಿ ಸುಭಾಷ ವರದಿ ಓದಿದ. “ಅರಬೈಲಿನ ಸುಬ್ಬಿಯವರ ಎಮ್ಮೆ ಹಾಲು. ಈ ವರ್ಷ ಹನ್ನೆರಡು ತಿಂಗಳೂ ಪರೀಕ್ಷಿಸಲಾಗಿದೆ. ದೋಷವಿಲ್ಲ.”

ತಂಡದ ಹಿರಿಯ ಅಧಿಕಾರಿ ತಲೆಯಾಡಿಸಿ, ಕಾಗದದ ಮೇಲೆ ಟಿಕ್ ಹಾಕಿ, ಹಾಳೆ ತಿರುವಿದ.

ಸುಬ್ಬಿಗೆ ಸಿಟ್ಟು ನೆತ್ತಿಗೇರಿತು. ದಡಕ್ಕನೆ ಎದ್ದಳು.

“ಆ ಎಮ್ಮೆ ಸತ್ತು ಎರಡು ವರ್ಷ ಆತು! ನಾನೇ ಹೊಂಡ ತೋಡಿ ಹೂತಿದ್ದೆ. ಕೊಟ್ಟಿಗೇಲಿ ಈಗ ಕಟ್ಟಿಗೆ ಬಿಟ್ರೆ ಎಂತದೂ ಇಲ್ಲ. ಯಾರ ಹಾಲು ನೋಡಿದ್ರಿ?”

ಸುಭಾಷ ಹಲ್ಲು ಕಿರಿದ. “ಬರೆಯೋರ ಕೈತಪ್ಪು ಅಮ್ಮಾ, ಕೂತ್ಕೊಳ್ಳಿ. ಸ್ಥಾವರದ ಒಳಗೆ ಎಲ್ಲ ಸರಿ ಇದೆ.”

ಸುಬ್ಬಿ ಅವನತ್ತ ನೋಡಲೂ ಇಲ್ಲ. ಟಿಕ್ ಹಾಕಿದವನ ಮೇಜಿನ ಮುಂದೆ ಹೋಗಿ ನಿಂತಳು.

“ನನ್ನ ಕೊಟ್ಟಿಗೆಗೆ ಬಾಗಿಲೇ ಇಲ್ಲ ಸಾಹೇಬ್ರೆ. ಅದನ್ನೇ ಇಣುಕಿ ನೋಡದವ್ರು, ಆ ಸ್ಥಾವರದ ಗೋಡೆ ಹಿಂದಿನ ಬೆಂಕೀನ ಹೆಂಗೆ ನೋಡಿರ್ತೀರಿ?”