ಬೀಗದವನ ಐವತ್ತು ಸೆಕೆಂಡಿನ ತೀರ್ಪು

ಮತದಾನದ ಮಾರನೆಯ ಬೆಳಿಗ್ಗೆ ಬೀದಿಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಮತಪೆಟ್ಟಿಗೆ, ಅದರ ಬೀಗದ ಮೇಲೆ ಕಾಗದದ ಸೀಲು, ಆ ಸೀಲಿನಡಿ ಇನ್ನೊಂದು ಹರಿದ ಸೀಲಿನ ಅಂಚು. 'ಪೆಟ್ಟಿಗೆ ತೆರೆದಿದ್ದಾರಾ? ನಮ್ಮ ತಜ್ಞರು ಹೇಳಲಿ' ಎಂದು ಯಾರೋ ಬೀಗ ರಿಪೇರಿಯವನನ್ನು ಕೇಳಿದರು.

ತಜ್ಞ! ಇಪ್ಪತ್ತೆಂಟು ವರ್ಷ ಕೀಲಿಕೈ ಉಜ್ಜಿದವನನ್ನು ಅದುವರೆಗೆ ಒಬ್ಬರೂ ಹಾಗೆ ಕರೆದಿರಲಿಲ್ಲ. ಮನೆಯ ಚಿಲಕ ಕೆಟ್ಟಾಗ ಹೆಂಡತಿಯೇ ಬೇರೆಯವನನ್ನು ಕರೆಸಿದ್ದಳು. ಅವನು ಗಂಟಲು ಸರಿಮಾಡಿಕೊಂಡು ಫೋನಿಗೆ ಐವತ್ತು ಸೆಕೆಂಡು ಮಾತಾಡಿದ. "ನನ್ನ ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಹೇಳ್ತೀನಿ, ಇದನ್ನ ತೆಗೆದು ಮತ್ತೆ ಹಾಕಿದ್ದಾರೆ. ಅನುಮಾನವೇ ಬೇಡ!" ಪೆಟ್ಟಿಗೆಯನ್ನು ಕಣ್ಣಾರೆ ಕಂಡಿದ್ದನೇ? ಇಲ್ಲ. ಕನ್ನಡಕವನ್ನಾದರೂ ಹಾಕಿದ್ದನೇ? ಅದೂ ಇಲ್ಲ. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತೇನೆಂದು ಅವನಿಗೆ ಸಂಕೋಚ, ಬರೀ ಧ್ವನಿ ಕಳಿಸುವಾಗಲೂ.

ಮಧ್ಯಾಹ್ನದ ಹೊತ್ತಿಗೆ ಆ ಧ್ವನಿ ಊರೆಲ್ಲ ಸುತ್ತಿತು. ಗಿರಾಕಿಯೊಬ್ಬ ಅದನ್ನು ಅವನಿಗೇ ಕೇಳಿಸಿದಾಗ ಪುಣ್ಯಾತ್ಮನ ಎದೆ ಉಬ್ಬಿಹೋಯಿತು. ಅಷ್ಟರಲ್ಲಿ ಭಾವ ಫೋನು ಮಾಡಿದರು.

"ನಿಮ್ಮಕ್ಕನ ಶಾಲೆಗೆ ಜನ ಮುತ್ತಿಗೆ ಹಾಕಿದ್ದಾರೆ. ಆ ಪೆಟ್ಟಿಗೆ ಅವಳು ಎಲೆಕ್ಷನ್ ಡ್ಯೂಟಿ ಮಾಡಿದ ಮತಗಟ್ಟೆದು ಕಣೋ!"

ಅಂಗಡಿ ತೆರೆದಿಟ್ಟೇ ಓಡಿದ. ಗೇಟಿನ ಒಳಗೆ ಅಕ್ಕ ನಿಂತಿದ್ದಳು, ಹೊರಗೆ ಐವತ್ತು ಜನ 'ಕಳ್ಳಿ' ಎಂದು ಕೂಗುತ್ತಿದ್ದರು. ಅವರಲ್ಲಿ ಕೆಲವರು ಅವಳ ಹತ್ತಿರವೇ ಅಕ್ಷರ ಕಲಿತವರು.

"ಮೊದಲ್ನೇ ಸೀಲು ಅಂಟಿಸುವಾಗಲೇ ಹರೀತು" ಎಂದಳು ಅಕ್ಕ, ನೂರನೇ ಸಲ ಹೇಳುವವಳಂತೆ. "ನಾಲ್ಕೂ ಪಕ್ಷದ ಏಜೆಂಟರ ಮುಂದೆ ಅದರ ಮೇಲೇ ಇನ್ನೊಂದು ಹಾಕ್ದೆ. ನಾಲ್ಕು ಜನಾನೂ ಅದರ ಮೇಲೆ ಸಹಿ ಮಾಡಿದ್ದಾರೆ, ನೋಡ್ರಪ್ಪ."

ಬೀಗದವನು ಈಗ ಕನ್ನಡಕ ಹಾಕಿ ಫೋಟೊ ದೊಡ್ಡದು ಮಾಡಿದ. ನಾಲ್ಕು ಸಹಿ, ಎದ್ದು ಕಾಣುವಂತೆ. ಗೇಟಿನ ಪಕ್ಕದ ಕಲ್ಲು ಹತ್ತಿ ನಿಂತ.

"ಅಯ್ಯಾ, ಅದು ನನ್ನ ಧ್ವನಿ! ಏನೂ ಗೊತ್ತಿಲ್ದೆ ಬಡಾಯಿ ಕೊಚ್ಚಿದೆ. ನನ್ನ ಬೈಯಿರಿ, ಅವಳನ್ನ ಬಿಡಿ!"

ಮುಂದಿದ್ದವನೊಬ್ಬ ತನ್ನ ಫೋನಿನಲ್ಲಿ ಆ ಐವತ್ತು ಸೆಕೆಂಡು ಹಾಕಿ ಎಲ್ಲರಿಗೂ ಕೇಳಿಸಿದ. "ಕೇಳಿದ್ರಾ? ತಜ್ಞರು ಅಂದ್ರೆ ಇವರು. ಆ ಗತ್ತೇ ಬೇರೆ. ನಿಮ್ಮ ದನಿ ನಡುಗ್ತಾ ಇದೆ, ಸ್ವಾಮಿ."

"ಅದು ನಾನೇ ರೀ!"

"ಹೌದೌದು. ಎಷ್ಟು ಕೊಟ್ರು ನಿಮಗೆ?"

ಛೆ! ತನ್ನ ಸುಳ್ಳಿನ ಮುಂದೆ ತಾನೇ ಸೋತು ಅವನು ಕಲ್ಲಿನಿಂದ ಇಳಿದ.

ಪೊಲೀಸರು ಬಂದು ಜನರನ್ನು ಚದುರಿಸಿದ ಮೇಲೆ ಅಕ್ಕ ಖಾಲಿ ತರಗತಿಯ ಬೆಂಚಿನ ಮೇಲೆ ಕುಸಿದು ಕೂತಳು. ಅವನು ಎದುರಿಗೆ ತಲೆ ತಗ್ಗಿಸಿ ನಿಂತ.

"ಅಕ್ಕಾ, ನಾನೊಬ್ಬ ಮುಟ್ಠಾಳ."

"ಅದೇನು ಹೊಸ ಸುದ್ದಿಯಲ್ಲ ಬಿಡು." ನಗಲು ಹೋದವಳಿಗೆ ಅಳು ಬಂತು. "ನಿನ್ನ ಧ್ವನಿ ಬೆಳಿಗ್ಗೆ ನನ್ನ ಫೋನಿಗೂ ಬಂದಿತ್ತು ಕಣೋ. ಸೀಲು ಹಾಕಿದ್ದು ನಾನೇ, ಸಹಿ ಮಾಡಿಸಿದ್ದೂ ನಾನೇ. ಆದ್ರೂ ನನ್ನ ತಮ್ಮ ಹೇಳ್ತಿದ್ದಾನಲ್ಲ ಅಂತ ಒಂದು ಗಳಿಗೆ ನಂಬಿಬಿಟ್ಟೆ. ನಾನೇ ನಂಬಿದ ಮೇಲೆ, ಗೇಟಿನ ಹತ್ತಿರ ನಿಂತೋರಿಗೆ ಏನಂತ ಹೇಳ್ಲಿ?"